ಹೊಲ ಪಾಲಿಗೆ ಕೊಟ್ಟ ಮೇಲೆ ಎಳ್ಳಮಾವಾಸ್ಯೆ ಚರಗ ಯಾರು ಚೆಲ್ಲಬೇಕು?

ಕೊಂಪಿಮನಿ:
ಎಲ್ಲರಿಗೂ ನಮಸ್ಕಾರ. ಬರುವ ಶುಕ್ರವಾರ, ಡಿಸೆಂಬರ್ 19ಕ್ಕೆ ಎಳ್ಳಮಾವಾಸ್ಯೆ. ಬೆಳೆ ನಿಂತ ಹೊಲಕ್ಕೆ ಹೋಗಿ ಪೂಜೆ ಮಾಡಿ, ಹಬ್ಬದ ಅಡುಗೆ ಕಲಸಿ ಹೊಲದ ತುಂಬ ಚೆಲ್ಲುವ ಹಬ್ಬ; ಆ ಚೆಲ್ಲುವುದಕ್ಕೇ ನಮ್ಮ ಕಡೆ ಚರಗ ಅಂತಾರೆ. ಮನೆಯಲ್ಲಿ ಒಂದು ಜಗಳ ಶುರುವಾಗಿದೆ. ಸಣ್ಣದೇ, ಆದರೆ ಮುಗಿಯುತ್ತಿಲ್ಲ.

ಜೇವರ್ಗಿ ಕಡೆ ನಮ್ಮದು ಸ್ವಲ್ಪ ಎರೆ ಹೊಲ ಇದೆ. ಅಪ್ಪ ಹೋದ ಮೇಲೆ ಮಾಡುವವರಿಲ್ಲ ಅಂತ ಈ ಮುಂಗಾರಿನಿಂದ ಪಾಲಿಗೆ ಕೊಟ್ಟಿದ್ದೇವೆ. ನಾನು ಕಲಬುರಗಿಯಲ್ಲಿ, ತಮ್ಮ ಪುಣೆಯಲ್ಲಿ. ಪಾಲಿಗೆ ಮಾಡುವ ಕಾಕಾ ಮೊನ್ನೆ ಫೋನ್ ಮಾಡಿದ್ದರು. "ಹಬ್ಬಕ್ಕೆ ಬರ್ರಿ ಅವ್ವಾ, ಚರಗ ನೀವೇ ಚೆಲ್ಲಬೇಕು ನೋಡ್ರಿ, ಹೊಲ ನಿಮ್ಮದು" ಅಂದರು. ತಮ್ಮನನ್ನು ಕೇಳಿದರೆ, "ಬೆವರು ಸುರಿಸಿದವರು ಅವರು, ನಾವು ಹೋಗಿ ಯಜಮಾನಿಕೆ ತೋರಿಸೋದು ಚೆನ್ನಾಗಿರಲ್ಲ, ಅವರೇ ಚೆಲ್ಲಲಿ" ಅಂತಾನೆ. ಅವ್ವ ಏನೂ ಹೇಳುತ್ತಿಲ್ಲ.

ಪದ್ಧತಿ ಏನು ಅಂತ ನನಗೆ ಗೊತ್ತು. ಕೇಳುತ್ತಿರುವುದು ಅದರ ಒಳಗಿನ ಅರ್ಥ. ಚರಗ ಯಾತಕ್ಕೆ ಅಂತ ಗೊತ್ತಾದರೆ ಯಾರು ಚೆಲ್ಲಬೇಕು ಅನ್ನೋದು ತಾನೇ ಗೊತ್ತಾಗುತ್ತೆ ಅಲ್ವಾ? ಇನ್ನೊಂದು ಮಾತು. ಸೆಪ್ಟೆಂಬರ್ ಮಳೆಗೆ ನೀರು ನಿಂತು ನಮ್ಮ ತೊಗರಿ ಪೂರ್ತಿ ಹೋಯಿತು. ಆಮೇಲೆ ಹರಗಿ ಬಿಳಿಜೋಳ, ಕಡಲೆ ಹಾಕಿದ್ದಾರೆ. ಹಾಳಾದ ಹೊಲಕ್ಕೆ ಚರಗ ಚೆಲ್ಲುವಾಗ ಮನಸ್ಸಿನಲ್ಲಿ ಏನು ಇಟ್ಟುಕೊಳ್ಳಬೇಕು?

ಹುಮನಾಬಾದ್ ಪ್ಯಾಸೆಂಜರ್:
ಅಕ್ಕಾ, ಸಿಟ್ಟಾಗಬೇಡಿ. ಹೊಲದಲ್ಲಿ ಕೂತು ಊಟ ಮಾಡೋದು ಸೂಪರ್. ಆದರೆ ಕಡುಬು, ಅನ್ನ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ ಎಲ್ಲ ಕಲಸಿ ಮಣ್ಣಿಗೆ ಎಸೆಯೋದು ವೇಸ್ಟ್ ಅನ್ನಿಸುತ್ತೆ. ಈಗಂತೂ ಅದೂ ರೀಲ್ಸ್ ಆಗಿಬಿಟ್ಟಿದೆ. ಒಂದು ಹಿಡಿ ಎಸೆಯೋಕೆ ಮೂರು ಸಲ ಟೇಕ್ ತಗೋತಾರೆ.

ಕಾಯಿಕೊರಕ:
ವೇಸ್ಟ್ ಅಲ್ಲ. ಇದರ ಹಿಂದೆ ವಿಜ್ಞಾನ ಇದೆ. ಈ ಹೊತ್ತಿಗೆ ಕಡಲೆ, ತೊಗರಿ ಹೂವು-ಕಾಯಿ ಹಂತದಲ್ಲಿ ಇರುತ್ತವೆ. ಕಾಯಿಕೊರಕ ಹುಳು ಬೀಳುವುದೂ ಆಗಲೇ. ಎಳೆಯ ಹುಳು ಎಲೆ, ಹೂ ಕೆರೆದು ತಿನ್ನುತ್ತೆ. ದೊಡ್ಡದಾದ ಮೇಲೆ ತಲೆ ಮಾತ್ರ ಕಾಯಿಯೊಳಗೆ ಹಾಕಿ, ಮೈಯೆಲ್ಲ ಹೊರಗೆ ಬಿಟ್ಟು ಕಾಳು ತಿನ್ನುತ್ತೆ. ಆ ಹೊತ್ತಿಗೆ ಔಷಧ ಹೊಡೆದರೂ ಅಷ್ಟಾಗಿ ಸಾಯಲ್ಲ. ಚರಗ ಚೆಲ್ಲಿದರೆ ಗೊರವಂಕದಂಥ ಹಕ್ಕಿಗಳು ಬರುತ್ತವೆ. ಅನ್ನ ತಿನ್ನೋಕೆ ಬಂದ ಹಕ್ಕಿ ಹುಳುವನ್ನೂ ಆರಿಸಿಕೊಳ್ಳುತ್ತೆ. ಹಕ್ಕಿ ಕೂರಲಿ ಅಂತ ಕಡಲೆ ಹೊಲದಲ್ಲಿ ಕವಲು ಕಟ್ಟಿಗೆ ನೆಡಿ ಅಂತ ಈಗ ಕೃಷಿಯವರೂ ಹೇಳುತ್ತಾರೆ. ನಮ್ಮ ಹಿರಿಯರು ಅದನ್ನು ಹಬ್ಬ ಮಾಡಿ ಇಟ್ಟರು. ಅಷ್ಟೇ ಅರ್ಥ.

ಬಿಳಿಜೋಳ:
ಕಾಯಿಕೊರಕ ಅಣ್ಣಾ, ಕಡಲೆಗೆ ನಿಮ್ಮ ಮಾತು ಸರಿ. ಜೋಳಕ್ಕೆ? ಹೊಡೆ ಬಿಚ್ಚಿ ತೆನೆಯಲ್ಲಿ ಹಾಲು ತುಂಬುವಾಗ ಹಕ್ಕಿ ಬಂದರೆ ನಾವು ಮಂಚಿಕೆ ಮೇಲೆ ನಿಂತು ಕವಣೆ ಬೀಸುತ್ತೇವೆ. ಹಕ್ಕಿಗೆ ಅತಿ ಹೆಚ್ಚು ಹೆದರುವ ಬೆಳೆ ಅದು. ಅದೇ ಜೋಳದ ಹೊಲದಲ್ಲಿ ಚರಗವನ್ನೂ ಚೆಲ್ಲುತ್ತೇವೆ. ಹುಳುವಿಗೆ ಅಂತಾದರೆ ಕಡಲೆಗೆ ಮಾತ್ರ ಚೆಲ್ಲಬಹುದಿತ್ತು. ಒಂದೇ ದಿನ ಯಾಕೆ, ಹುಳು ಇರೋ ತನಕ ಚೆಲ್ಲಬಹುದಿತ್ತು. ಲಾಭ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಲಾಭಕ್ಕೇ ಚೆಲ್ಲುತ್ತೇವೆ ಅಂದರೆ ನಮ್ಮ ಅಜ್ಜ ಒಪ್ಪುತ್ತಿರಲಿಲ್ಲ.

ಮಳಖೇಡ ಮಾಸ್ತರ್:
ಒಳ್ಳೆಯ ಪ್ರಶ್ನೆ ಎತ್ತಿದಿರಿ ತಂಗೀ. ಶಾಸ್ತ್ರದ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮನೆ ಮಾಡಿಕೊಂಡವನು ದಿನಾ ಐದು ಯಜ್ಞ ಮಾಡಬೇಕು ಅಂತ ಹಿಂದಿನವರು ಹೇಳಿದರು. ದೇವರಿಗೆ, ಪಿತೃಗಳಿಗೆ, ಮನುಷ್ಯರಿಗೆ, ಭೂತಗಳಿಗೆ, ಓದಿಗೆ. ಇಲ್ಲಿ ಭೂತ ಅಂದರೆ ದೆವ್ವ ಅಲ್ಲ, ಜೀವ ಇರುವ ಎಲ್ಲವೂ. ಅಡುಗೆಯಾದ ಮೇಲೆ ತಾನು ಉಣ್ಣುವ ಮೊದಲು ಕಾಗೆ, ನಾಯಿ, ಇರುವೆಗೆ ಅಂತ ನೆಲಕ್ಕೆ ಸ್ವಲ್ಪ ಇಡುವುದು ಭೂತಯಜ್ಞ. ಎಳ್ಳಮಾವಾಸ್ಯೆಯನ್ನು ಇದರ ಮೇಲೆ ಇಟ್ಟು ನೋಡಿ. ಹೊಲದಲ್ಲಿ ದಂಟಿನಿಂದ ಕಟ್ಟುವ ಕೊಂಪಿಯೊಳಗೆ ಪೂಜೆ, ಅದು ದೇವರಿಗೆ. ಅಮಾವಾಸ್ಯೆ ಮತ್ತು ಎಳ್ಳು, ಅವು ಹಿರಿಯರಿಗೆ. ದಾರಿಹೋಕರನ್ನೂ ಕರೆದು ಕೂರಿಸಿ ಉಣಿಸುವುದು ಮನುಷ್ಯರಿಗೆ. ಚರಗ ಉಳಿದ ಜೀವಗಳಿಗೆ. ಓದು ಒಂದೇ ಇಲ್ಲ, ಅದನ್ನು ನಾವು ಇಲ್ಲಿ ಕೂತು ಮಾಡುತ್ತಿದ್ದೇವೆ ಅನ್ನಿ.

ಗೀತೆಯ ಮೂರನೇ ಅಧ್ಯಾಯದಲ್ಲಿ ಕೃಷ್ಣ ಇದೇ ಮಾತನ್ನು ಬಹಳ ಖಾರವಾಗಿ ಹೇಳುತ್ತಾನೆ. ತನಗೋಸ್ಕರ ಮಾತ್ರ ಅಡುಗೆ ಮಾಡಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆ. ಕೊಟ್ಟವರಿಗೆ ತಿರುಗಿ ಕೊಡದೆ ಉಣ್ಣುವವನು ಕಳ್ಳ. ಹತ್ತನೇ ಅಧ್ಯಾಯದಲ್ಲಿ 'ತಿಂಗಳುಗಳಲ್ಲಿ ನಾನು ಮಾರ್ಗಶಿರ' ಅನ್ನುತ್ತಾನೆ. ನಮ್ಮ ಎಳ್ಳಮಾವಾಸ್ಯೆ ಬರುವುದು ಅದೇ ಮಾರ್ಗಶಿರದ ಕೊನೆಯ ದಿನ. ಎರಡಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳಲ್ಲ. ಆದರೆ ನೆಲದ ತುಂಬ ಬೆಳೆ ನಿಂತಿರುವ ತಿಂಗಳು ಇದು. ದೇವರು ಅದನ್ನೇ ಆರಿಸಿಕೊಂಡ ಅನ್ನುವುದು ರೈತನಿಗೆ ಖುಷಿ ಕೊಡುವ ಮಾತು.

ಭಾಲ್ಕಿ ಭಜ್ಜಿ:
ಮಾಸ್ತರ್ರೇ, ಕಳ್ಳ ಅಂದದ್ದಕ್ಕೆ ನೆನಪಾಯಿತು. ನಮ್ಮಲ್ಲಿ ಕೊಂಪಿಯೊಳಗೆ ಐದು ಕಲ್ಲು ಇಟ್ಟು, ಸುಣ್ಣ-ಕೆಮ್ಮಣ್ಣು ಬಳಿದು ಪಾಂಡವರು ಅಂತ ಪೂಜೆ ಮಾಡುತ್ತೇವೆ. ಹಿಂದೆ ಇನ್ನೊಂದು ಕಲ್ಲು ಇರುತ್ತೆ. ಅದು ಕಳ್ಳನದು. ಕೆಲವರು ಕರ್ಣ ಅಂತಾರೆ. ಏನೇ ಇರಲಿ, ಅವನಿಗೂ ಎಡೆ ಇಡದೆ ಯಾರೂ ಉಣ್ಣಲ್ಲ. ಎಡೆ ಚಿಕ್ಕದು, ಆದರೆ ಇರುತ್ತೆ. ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ, ಕಳ್ಳನಿಗೆ ಯಾಕೆ ಊಟ ಅಂತ. "ಅವನಿಗೂ ಹೊಟ್ಟಿ ಇಲ್ಲೇನs" ಅಂತ ಅಜ್ಜಿ ಬೈದಿದ್ದಳು. ನನ್ನ ಪ್ರಕಾರ ಹಬ್ಬದ ಅರ್ಥ ಆ ಆರನೇ ಕಲ್ಲಿನಲ್ಲಿದೆ.

ಹುಮನಾಬಾದ್ ಪ್ಯಾಸೆಂಜರ್:
ಇದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಐದೇ ಕಲ್ಲು. ಪಾಂಡವರು ನಮ್ಮ ಹೊಲಕ್ಕೆ ಯಾಕೆ ಬಂದರು ಅಂತ ಯಾರಾದರೂ ಹೇಳ್ತೀರಾ?

ಮಳಖೇಡ ಮಾಸ್ತರ್:
ಊರಿಗೊಂದು ಕಥೆ ಇದೆ ತಮ್ಮಾ. ವನವಾಸದಲ್ಲಿ ಈ ಕಡೆ ಬಂದಿದ್ದರು ಅಂತಲೂ ಹೇಳುತ್ತಾರೆ. ನನಗೆ ಹಿಡಿಸುವುದು ಬೇರೆ. ಅವರು ರಾಜ್ಯ ಇಲ್ಲದೆ ಕಾಡಿನಲ್ಲಿ ಬದುಕಿದ ರಾಜರು. ಕೊಂಪಿಯೂ ಹಾಗೇ. ನಾಲ್ಕು ಸೂಡು ದಂಟು ನಿಲ್ಲಿಸಿ, ಮೇಲೆ ಕಟ್ಟಿದರೆ ಮುಗೀತು. ಅರಮನೆಯ ದೇವರನ್ನು ಅಲ್ಲಿ ಕೂರಿಸೋಕೆ ಆಗುತ್ತಾ?

ವನವಾಸದ ಒಂದು ಪ್ರಸಂಗ ಎಲ್ಲರಿಗೂ ಗೊತ್ತು. ದ್ರೌಪದಿಯ ಊಟ ಆಗಿ, ಅಕ್ಷಯ ಪಾತ್ರೆ ತೊಳೆದಿಟ್ಟ ಮೇಲೆ ದೂರ್ವಾಸರು ಶಿಷ್ಯರ ದಂಡು ಕಟ್ಟಿಕೊಂಡು ಬರುತ್ತಾರೆ. ಕೃಷ್ಣ ಬಂದು ಪಾತ್ರೆಯ ಅಂಚಿಗೆ ಅಂಟಿದ ಒಂದು ಸೊಪ್ಪು, ಒಂದು ಅಗುಳು ತಿನ್ನುತ್ತಾನೆ. ಅಲ್ಲಿ ಹೊಳೆಯಲ್ಲಿ ಸ್ನಾನಕ್ಕೆ ಇಳಿದ ಅಷ್ಟೂ ಜನಕ್ಕೆ ಹೊಟ್ಟೆ ತುಂಬಿ ತೇಗು ಬರುತ್ತೆ. ಕಥೆಗೂ ಎಳ್ಳಮಾವಾಸ್ಯೆಗೂ ಯಾವ ಗ್ರಂಥದಲ್ಲೂ ಗಂಟು ಹಾಕಿಲ್ಲ, ನಾನೇ ಹಾಕುತ್ತಿದ್ದೇನೆ. ಒಂದು ಹಿಡಿ ಚರಗ ಇಡೀ ಹೊಲದ ಜೀವಗಳಿಗೆ ಸಾಕಾಗುತ್ತಾ ಅಂತ ನಮ್ಮ ಹುಮನಾಬಾದ್ ತಮ್ಮ ಕೇಳಿದರೆ, ಉತ್ತರ ಇದೇ.

ಮುದನೂರು ನೇಕಾರ:
ಯಾದಗಿರಿ ಕಡೆಯಿಂದ ಒಂದು ಮಾತು. ನಮ್ಮ ಮುದನೂರಿನ ಜೇಡರ ದಾಸಿಮಯ್ಯ ಶಿವನಿಗೆ 'ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ' ಅಂದ. ನೆಲವೂ ಕೊಟ್ಟದ್ದು, ಬೆಳೆಯೂ ಕೊಟ್ಟದ್ದು. ಹೊಲದವರು ದೊಡ್ಡವರೋ ಪಾಲಿನವರು ದೊಡ್ಡವರೋ ಅನ್ನುವ ಪ್ರಶ್ನೆಯೇ ಇಲ್ಲಿ ನಿಲ್ಲಲ್ಲ. ಇಬ್ಬರೂ ಇಸಿದುಕೊಂಡವರೇ.

ಬಿಳಿಜೋಳ:
ನೇಕಾರ ಅಣ್ಣಾ, ವಚನ ಚಂದ ಇದೆ. ಇದೇ ಮಾತನ್ನು ಒಮ್ಮೆ ತಹಸೀಲ್ದಾರ್ ಕಚೇರಿಯಲ್ಲಿ ಹೇಳಿ ನೋಡಿ. ಪಹಣಿಯಲ್ಲಿ ಶಿವನ ಹೆಸರು ಇಲ್ಲ.

ತಮಾಷೆಗೆ ಅಂದೆ, ಆದರೆ ಪೂರ್ತಿ ತಮಾಷೆ ಅಲ್ಲ. ನಾನೂ ಚಿತ್ತಾಪುರ ಕಡೆ ಬೇರೆಯವರ ಹೊಲ ಪಾಲಿಗೆ ಮಾಡುತ್ತೇನೆ. ಕೊಂಪಿಮನಿ ಅಕ್ಕಾ, ಆ ಕಾಕಾ 'ನೀವೇ ಚೆಲ್ಲಬೇಕು' ಅಂತ ಯಾಕೆ ಒತ್ತಿ ಹೇಳಿದರು ಗೊತ್ತಾ? ಬರೀ ಮರ್ಯಾದೆಗೆ ಅಲ್ಲ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ಉಳುವವನೇ ಒಡೆಯ ಆದ. ಫಾರಂ ನಂಬರ್ 7 ಅನ್ನೋ ಅರ್ಜಿ ತುಂಬಿ ಎಷ್ಟೋ ಗೇಣಿದಾರರು ಹೊಲ ಪಡೆದರು. ಒಳ್ಳೆಯದೇ ಆಯಿತು. ಆದರೆ ಅವತ್ತಿನಿಂದ ಪಾಲಿಗೆ ಕೊಡುವವರಿಗೆ ಒಳಗೊಳಗೆ ಭಯ, ಪಾಲಿಗೆ ಮಾಡುವವರಿಗೆ ಒಂದು ಸಂಕೋಚ. ಒಡೆಯರು ಬರದೆ ಪಾಲಿನವನೇ ಕೊಂಪಿ ಕಟ್ಟಿ, ಪೂಜೆ ಮಾಡಿ, ಚರಗ ಚೆಲ್ಲಿದರೆ ಕಟ್ಟೆ ಮೇಲೆ ಕೂತವರು ಸುಮ್ನೆ ಇರಲ್ಲ. 'ಹೊಲ ಹಿಡ್ಕೊಂಡ ನೋಡು' ಅಂತಾರೆ. ಮುಂದಿನ ವರ್ಷ ಹೊಲ ಸಿಗುತ್ತೋ ಇಲ್ಲವೋ. ಕಾಕಾನ ಮಾತಿನಲ್ಲಿ ಅದೂ ಇರಬಹುದು.

ಕೊಂಪಿಮನಿ:
ಬಿಳಿಜೋಳ ಅಣ್ಣಾ, ಇದು ನಮಗೆ ಹೊಳೆದೇ ಇರಲಿಲ್ಲ. ತಮ್ಮನಿಗೆ ಓದಿಸುತ್ತೇನೆ. ಅವನು ಅವರಿಗೆ ಮರ್ಯಾದೆ ಕೊಡೋಕೆ ಹೋಗಿ ಕಷ್ಟಕ್ಕೆ ಸಿಕ್ಕಿಸುತ್ತಿದ್ದ ಅನ್ನಿಸುತ್ತೆ.

ಭಾಲ್ಕಿ ಭಜ್ಜಿ:
ಅವ್ವ ಏನೂ ಹೇಳುತ್ತಿಲ್ಲ ಅಂತ ಬರೆದಿದ್ದೀಯಲ್ಲ ತಂಗೀ. ಯಾಕೆ ಅಂತ ಕೇಳಿದೆಯಾ?

ಕೊಂಪಿಮನಿ:
ಕೇಳಿದೆ ಅಕ್ಕಾ. ಅಪ್ಪ ಇದ್ದಾಗ ಅಪ್ಪ ಚರಗ ಚೆಲ್ಲುತ್ತಿದ್ದರು. ಅವ್ವ ಕೊಂಪಿಯೊಳಗೆ ಹೊಲಕ್ಕೆ ಉಡಿ ತುಂಬುತ್ತಿದ್ದಳು. ಈಗ ತಾನು ಉಡಿ ತುಂಬಬಾರದು ಅಂತ ಊರಲ್ಲಿ ಯಾರೋ ಅಂದರಂತೆ. ಅದಕ್ಕೆ ಹಬ್ಬಕ್ಕೇ ಬರಲ್ಲ ಅಂತಿದ್ದಾಳೆ.

ಭಾಲ್ಕಿ ಭಜ್ಜಿ:
ನನಗೆ ಇದೇ ಅನುಮಾನ ಇತ್ತು. ಹಾಗಾದರೆ ಕೇಳು. ಉದ್ದ ಆದರೆ ಕ್ಷಮಿಸಿ ಎಲ್ಲರೂ.

ಗಂಡಸರು ಚರಗದ ಬಗ್ಗೆ ಇಷ್ಟು ಮಾತಾಡಿದಿರಿ, ಅದಕ್ಕಿಂತ ಮುಂಚಿನದನ್ನು ಯಾರೂ ಹೇಳಲಿಲ್ಲ. ಈಗ ಹೊಲ ಬಸುರಿ. ಜೋಳದ ತೆನೆ ಹೊಡೆಯಲ್ಲಿ, ಕಡಲೆ ಸಿಪ್ಪೆಯೊಳಗೆ. ಒಳಗೆ ಕಾಳು ಇದೆ, ಇನ್ನೂ ಹುಟ್ಟಿಲ್ಲ. ಬಸುರಿಗೆ ಬಯಕೆ ಊಟ ತಗೊಂಡು ಹೋಗುವುದು ಎಳ್ಳಮಾವಾಸ್ಯೆ. ಅಡುಗೆ ನೋಡಿದರೇ ಗೊತ್ತಾಗುತ್ತೆ. ಮೊದಲ ದಿನವೇ ಗಡಿಗೆಯಲ್ಲಿ ಕಾಸಿಟ್ಟ ಜೋಳದ ಅಂಬಲಿ, ಅದಕ್ಕೆ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಕಡುಬು. ಶೇಂಗಾ ಹೋಳಿಗೆ. ಆಮೇಲೆ ಭಜ್ಜಿ.

ಭಜ್ಜಿ ಬಗ್ಗೆ ಹೇಳದೆ ನನ್ನ ಹೆಸರು ಇಟ್ಟುಕೊಂಡು ಏನು ಪ್ರಯೋಜನ. ಹಸಿ ಕಡಲೆ, ಹಸಿ ತೊಗರಿ, ಅವರೆ, ಬಟಾಣಿ, ಶೇಂಗಾ. ಮೆಂತ್ಯ, ಪಾಲಕ್, ಈರುಳ್ಳಿ ಸೊಪ್ಪು, ಹುಣಸೆ ಚಿಗುರು, ಗಜ್ಜರಿ, ಬದನೆ. ಕಾಳು ಬೇರೆ ಬೇಯಬೇಕು, ಸೊಪ್ಪು ಬೇರೆ. ಕೊನೆಗೆ ಕಡಲೆ ಹಿಟ್ಟು ಮಜ್ಜಿಗೆಯಲ್ಲಿ ಕದಡಿ ಹಾಕಿ, ಕೈ ಬಿಡದೆ ತಿರುವಬೇಕು. ಬಿಟ್ಟರೆ ತಳ ಹಿಡಿಯುತ್ತೆ. ಇಷ್ಟೂ ಒಬ್ಬರ ಹೊಲದಲ್ಲಿ ಬೆಳೆಯಲ್ಲ. ಅದಕ್ಕೇ ಹಿಂದಿನ ದಿನ ನಮ್ಮ ಊರಲ್ಲಿ ಯಾರು ಯಾರ ಹೊಲದಲ್ಲಿ ಒಂದು ಹಿಡಿ ಕಿತ್ತರೂ ಕೇಳಲ್ಲ. ನಮ್ಮ ಪಕ್ಕದ ಮುಸ್ಲಿಂ ಮನೆಯವರ ಹೊಲದಿಂದ ಮೆಂತ್ಯ ಬರುತ್ತೆ, ಹಬ್ಬದ ದಿನ ಅವರೂ ನಮ್ಮ ಕೊಂಪಿಗೆ ಬರುತ್ತಾರೆ. ಒಂದು ಪಾತ್ರೆಯೊಳಗೆ ಊರಿನ ಹೊಲಗಳೆಲ್ಲ ಬೇಯುತ್ತವೆ. ಆಮೇಲೆ ಅದನ್ನೇ ಕಲಸಿ ಚರಗ ಮಾಡಿ ಹೊಲಕ್ಕೆ ಕೊಡುತ್ತೇವೆ. ಇದಕ್ಕಿಂತ ದೊಡ್ಡ ಅರ್ಥ ನನಗೆ ಬೇಡ.

ಅವ್ವನ ವಿಷಯ. ಬಸುರಿಗೆ ಬಯಕೆ ಊಟ ಕೊಡುವುದು ಅವಳ ತವರಿನವರು. ಭೂತಾಯಿಗೆ ತವರು ಅಂದರೆ ಅವಳ ಜೊತೆ ಇಷ್ಟು ವರ್ಷ ಬಾಳಿದ ಹೆಂಗಸರೇ. ಇಷ್ಟು ವರ್ಷ ಆ ಹೊಲದಲ್ಲಿ ಕಳೆ ತೆಗೆದ ಕೈ ಗಂಡ ಹೋದ ಕೂಡಲೇ ಮೈಲಿಗೆ ಆಗುತ್ತಾ? ಭೂತಾಯಿ ಅಂತೂ ಕುಂಕುಮ ನೋಡಿ ಬೆಳೆ ಕೊಡಲ್ಲ. ಅವ್ವನನ್ನು ಕರಕೊಂಡು ಹೋಗು. ಉಡಿ ಅವಳೇ ತುಂಬಲಿ. ಯಾರಾದರೂ ಮಾತಾಡಿದರೆ ಭಾಲ್ಕಿಯಿಂದ ನಾನು ಬರುತ್ತೇನೆ.

ಮಳಖೇಡ ಮಾಸ್ತರ್:
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಶಾಸ್ತ್ರ ಕೇಳುವವರು ಬಂದರೆ ನನ್ನ ಹತ್ತಿರ ಕಳಿಸಿ.

ಕಾಯಿಕೊರಕ:
ಅಕ್ಕಾ, ಅಡುಗೆ ಓದಿ ಇಲ್ಲೇ ಹಸಿವಾಯಿತು. ಆದರೂ ನನ್ನ ಮಾತು ಬಿಡಲ್ಲ. ಅರ್ಥ ಎಷ್ಟೇ ದೊಡ್ಡದಿರಲಿ, ಹಕ್ಕಿ ಬಂದು ಹುಳು ತಿಂದಿದ್ದು ನಿಜ. ಅದನ್ನು ಹೇಳಿದರೆ ಹಬ್ಬ ಸಣ್ಣದಾಗಲ್ಲ.

ಬಿಳಿಜೋಳ:
ಸಣ್ಣದಾಗಲ್ಲ ಅಣ್ಣಾ. ನಿಮ್ಮ ಹಕ್ಕಿಯ ಮಾತಿಗೇ ಒಂದು ಕಥೆ ಹೇಳುತ್ತೇನೆ, ಕೊಂಪಿಮನಿ ಅಕ್ಕನ ಕಡೆಯದೇ. ಕಲಬುರಗಿಯ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ. ಒಕ್ಕಲುತನ ಮಾಡಿಕೊಂಡಿದ್ದವರು. ಬೆಳೆ ಕಾಯಿ ಅಂತ ಹೊಲಕ್ಕೆ ಕಳಿಸಿದರೆ ಹಕ್ಕಿ ಓಡಿಸುವುದು ಬಿಟ್ಟು, ತಿಂದ ಹಕ್ಕಿಗೆ ನೀರಡಿಕೆ ಆಗುತ್ತೆ ಅಂತ ನೀರು ಇಟ್ಟರು ಅಂತ ನಮ್ಮ ಕಡೆ ಹೇಳುತ್ತಾರೆ. ರಾಶಿಯಲ್ಲಿ ಕಾಳು ಕಡಿಮೆ ಆಗಲಿಲ್ಲ ಅಂತಲೂ ಹೇಳುತ್ತಾರೆ. ಅದನ್ನು ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ಹಿಡಿದುಕೊಂಡಿರುವುದು ನೀರು ಇಟ್ಟದ್ದನ್ನು.

ಇನ್ನು ಅಕ್ಕನ ಎರಡನೇ ಪ್ರಶ್ನೆ. ಹಾಳಾದ ಹೊಲಕ್ಕೆ ಚರಗ ಯಾಕೆ? ನನ್ನ ತೊಗರಿಯೂ ಹೋಯಿತು. ಸೆಪ್ಟೆಂಬರ್ ಕೊನೆಗೆ ಮಹಾರಾಷ್ಟ್ರದ ಕಡೆಯಿಂದ ಬಿಟ್ಟ ನೀರಿಗೆ ಭೀಮಾ ದಂಡೆಯ ಹೊಲಗಳು ಮುಳುಗಿದವು. ದಂಡೆಯಿಂದ ದೂರ ಇದ್ದವರಿಗೆ ಬರೀ ಮಳೆಯೇ ಸಾಕಾಯಿತು. ಎರೆ ಭೂಮಿಯಲ್ಲಿ ನೀರು ನಿಂತರೆ ಬೇಗ ಇಳಿಯಲ್ಲ. ಸಿಟ್ಟು ಬಂದಿತ್ತು. ಈ ಸಲ ಕೊಂಪಿ ಕಟ್ಟಲ್ಲ ಅಂತ ಮನೆಯಲ್ಲಿ ಹೇಳಿಯೂ ಆಗಿತ್ತು.

ಆಮೇಲೆ ಯೋಚನೆ ಮಾಡಿದೆ. ಹಿಂದೆ ರಾಶಿ ಆದ ಮೇಲೆ ಬಡಿಗ, ಕಮ್ಮಾರ, ಕುಂಬಾರ, ಅಗಸ ಎಲ್ಲರೂ ಕಣಕ್ಕೆ ಬರುತ್ತಿದ್ದರು. ಅವರಿಗೆ ಆಯ ಕೊಡುತ್ತಿದ್ದೆವು. ಅದಕ್ಕೆ ಅಳತೆ ಇತ್ತು. ಇವರಿಗೆ ಇಷ್ಟು ಸೇರು, ಅವರಿಗೆ ಅಷ್ಟು. ಬೆಳೆ ಕೈಗೆ ಬಂದಿದೆ, ದುಡಿದವರಿಗೆ ಕೊಡುತ್ತೇವೆ, ಅದು ಲೆಕ್ಕ. ಚರಗಕ್ಕೆ ಲೆಕ್ಕ ಇಲ್ಲ. ಯಾರೂ ಅಳೆದು ಚೆಲ್ಲಲ್ಲ. ಅದೂ ಯಾವಾಗ? ತೆನೆಯಲ್ಲಿ ಇನ್ನೂ ಹಾಲು ಇರುವಾಗ. ಮುಂದೆ ಇಬ್ಬನಿ, ಹುಳು, ಅಕಾಲ ಮಳೆ, ದರ ಬೀಳೋದು, ಏನು ಬೇಕಾದರೂ ಆಗಬಹುದು. ರಾಶಿ ನಮ್ಮ ಕೈಗೆ ಬರುತ್ತೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ನಾವೇ ಮೊದಲು ಕೊಡುತ್ತೇವೆ. ಬೆಳೆ ಬಂದದ್ದಕ್ಕೆ ಕೊಡುವ ಹಬ್ಬ ಆಗಿದ್ದರೆ ಈ ವರ್ಷ ಬಿಡಬಹುದಿತ್ತು. ಇದು ಆ ಹಬ್ಬ ಅಲ್ಲ. ಕೊಂಪಿಗೆ ದಂಟು ತಂದಿಟ್ಟಿದ್ದೇನೆ.

ಮುದನೂರು ನೇಕಾರ:
ಬಿಳಿಜೋಳ ಅಣ್ಣಾ, ನಾನು ವಚನ ಹೇಳಿದೆ. ನೀವು ಅದನ್ನು ಹೊಲಕ್ಕೆ ಇಳಿಸಿದಿರಿ.

ಹುಮನಾಬಾದ್ ಪ್ಯಾಸೆಂಜರ್:
ವೇಸ್ಟ್ ಅಂದಿದ್ದು ವಾಪಸ್ ತಗೊಳ್ಳಲ್ಲ, ಪ್ಲಾಸ್ಟಿಕ್ ತಟ್ಟೆ-ಲೋಟ ಹೊಲದಲ್ಲೇ ಬಿಟ್ಟು ಬರುವವರಿಗೆ ಅದು ಇನ್ನೂ ಅನ್ವಯ. ಅದನ್ನು ಯಾವ ಹಕ್ಕಿ ತಿನ್ನುತ್ತೆ? ಆದರೆ ಈ ಸಲ ಚರಗದ ಬುಟ್ಟಿ ನಾನೇ ಹಿಡಿಯುತ್ತೇನೆ. ಬೀದರ್ ಪೇಟೆ ಅವತ್ತು ಹೇಗೂ ಬಂದ್, ಮನೆಯಲ್ಲಿ ಕೂತು ಏನು ಮಾಡಲಿ.

ಒಂದು ಡೌಟು. ಚೆಲ್ಲುವವರ ಹಿಂದೆ ನೀರು ಹಾಕುತ್ತಾ ಬರುವವರು ಯಾರು ಬೇಕಾದರೂ ಆಗಬಹುದಾ?

ಮಳಖೇಡ ಮಾಸ್ತರ್:
ತಮ್ಮಾ, ಗೊತ್ತಿದ್ದು ಕೇಳಿದೆಯೋ ಗೊತ್ತಿಲ್ಲದೆ ಕೇಳಿದೆಯೋ, ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಚರಗ ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಮುಂದಿನವರು ಬುಟ್ಟಿ ಹಿಡಿದು 'ಹುಲ್ಲುಲ್ಲಿಗ್ಯೋ' ಅಂತ ಕೂಗಿ ಒಂದು ಹಿಡಿ ಚೆಲ್ಲಬೇಕು. ಹಿಂದಿನವರು ತಂಬಿಗೆ ನೀರು ಚಿಮುಕಿಸುತ್ತಾ 'ಚಲ್ಲಂ ಪೊಲಿಗ್ಯೋ' ಅಂತ ಸೇರಿಸಬೇಕು. ಕೂಗುವ ಮಾತು ಊರೂರಿಗೂ ಬೇರೆ ಆಗುತ್ತೆ, ಗಡಿ ದಾಟಿ ಲಾತೂರ್ ಕಡೆ ಹೋದರೆ ಅವರದ್ದೊಂದು ರೀತಿ. ಆದರೆ ಒಬ್ಬರು ಕೂಗಿ ಇನ್ನೊಬ್ಬರು ಓಗೊಡುವುದು ಎಲ್ಲ ಕಡೆ ಇದೆ. ಹೊಲದವರೊಬ್ಬರು, ಪಾಲಿನವರೊಬ್ಬರು ಆದರೆ ಮುಗಿಯಿತಲ್ಲ.

ಬಿಳಿಜೋಳ:
ಯಾರು ಮುಂದೆ, ಯಾರು ಹಿಂದೆ ಅಂತ ಈಗ ಇನ್ನೊಂದು ಚರ್ಚೆ ಶುರುವಾಗುತ್ತೆ ನೋಡಿ.

ಕಾಯಿಕೊರಕ:
ಹೋಗುವಾಗ ಒಬ್ಬರು ಮುಂದೆ, ಬರುವಾಗ ಇನ್ನೊಬ್ಬರು. ವಿಜ್ಞಾನಿಯ ಪರಿಹಾರ.

ಕೊಂಪಿಮನಿ:
ಕಾಕಾಗೆ ಫೋನ್ ಮಾಡಿದ್ದೆ. ಬುಟ್ಟಿ ಹಿಡಿಯೋಕೆ ಸುತಾರಾಂ ಒಪ್ಪಲಿಲ್ಲ. ಬಿಳಿಜೋಳ ಅಣ್ಣ ಹೇಳಿದ್ದು ಸರಿ ಇತ್ತು, ಊರವರ ಮಾತಿನ ಭಯ ಅವರ ದನಿಯಲ್ಲೇ ಗೊತ್ತಾಯಿತು. ತಮ್ಮ ಚರಗ ಚೆಲ್ಲುತ್ತಾನೆ, ಕಾಕಾ ನೀರು ಹಾಕುತ್ತಾರೆ. ತಮ್ಮನಿಗೆ ಕೂಗೋಕೆ ಬರಲ್ಲ, ಕಾಕಾನೇ ಹೇಳಿಕೊಡುತ್ತಾರಂತೆ. ತಮ್ಮ ಗುರುವಾರ ರಾತ್ರಿ ಪುಣೆಯಿಂದ ಹೊರಡುತ್ತಾನೆ.

ಅವ್ವನಿಗೆ ಭಾಲ್ಕಿ ಅಕ್ಕನ ಮಾತು ಓದಿ ಹೇಳಿದೆ. ಬರುತ್ತೇನೆ ಅಂತ ಬಾಯಿಬಿಟ್ಟು ಹೇಳಿಲ್ಲ. ಆದರೆ ಹಸಿರು ಕುಪ್ಪಸದ ಕಣ ಎಲ್ಲಿಟ್ಟಿದ್ದೀ ಅಂತ ಕೇಳಿದಳು. ಅಂಬಲಿ ಗಡಿಗೆ ಕಾಕಾನ ಮನೆಯಿಂದ ಬರುತ್ತೆ, ಹೋಳಿಗೆ ನಮ್ಮದು. ಭಜ್ಜಿ ನಾನು ಮಾಡಬೇಕು. ಅಕ್ಕಾ, ಕಲಬುರಗಿ ಮಾರ್ಕೆಟ್‌ನಲ್ಲಿ ಹುಣಸೆ ಚಿಗುರು ಸಿಗುತ್ತಿಲ್ಲ, ಏನು ಮಾಡಲಿ?

ಭಾಲ್ಕಿ ಭಜ್ಜಿ:
ಮಜ್ಜಿಗೆ ಎರಡು ದಿನ ಮುಂಚೆಯೇ ತೆಗೆದಿಟ್ಟು ಹುಳಿ ಬರಿಸು, ಸಾಕು. ಬೇಕಾದರೆ ಕೊನೆಗೆ ಸ್ವಲ್ಪ ಹುಣಸೆ ಹುಳಿ ಕಿವುಚಿ ಹಾಕು. ಟೊಮ್ಯಾಟೊ ಮಾತ್ರ ಹಾಕಬೇಡ.